ನೂರಾ ಹನ್ನೆರಡು

ಹೋದ ವರ್ಷ ನನ್ನ ತಾಮ್ರ ಗೋಡೆಗೆ ಹಾರಿತ್ತು.
ಕಪ್ಪು ಪುಡಿ ಕುದಿಯುವಾಗ ಕಡ್ಡಿ ಆಡಿಸುವುದು ಬಿಟ್ಟು
ಫೋನು ನೋಡಿದ್ದೆ, ಅಷ್ಟೇ.
ಬೀಕರು ಒಮ್ಮೆ ಬಿಕ್ಕಿತು, ಆಮೇಲೆ ಉಗುಳಿತು.
ಕೈಗೆ ಸಿಕ್ಕಿದ್ದು ಶೇಕಡಾ ಅರವತ್ತೊಂದು,
ಏಳರಲ್ಲಿ ಮೂರು ಅಂಕ. ನಾಲ್ಕಾದರೂ ಬೇಕಿತ್ತು.

ಈ ವರ್ಷ ಮತ್ತೆ ಅದೇ ಮೂರನೇ ಮಹಡಿ,
ಅದೇ ಹನ್ನೊಂದನೇ ಮೇಜು, ಅದೇ ಸೋರುವ ನಲ್ಲಿ,
ಆಂತೊಫಗಾಸ್ತಾದ ಅದೇ ಕಿಟಕಿ:
ಒಂದು ಮಗ್ಗುಲಿಗೆ ಕಡಲು, ಇನ್ನೊಂದಕ್ಕೆ
ಹುಲ್ಲುಕಡ್ಡಿಯನ್ನೂ ಕಾಣದ ಬೆಟ್ಟ.
ಉಗ್ರಾಣದ ದೋನ್ ಎಲೆಯುತೇರಿಯೊ ಕನ್ನಡಕ ಕೊಡುತ್ತಾ
"ಮತ್ತೆ ನೀನೇ, ನಯಾರೆತ್?" ಅಂದ.
ಹಳೇ ಕೋಟಿನ ಕಲೆಯ ತೋಳು ಮಡಚಿಕೊಂಡೆ.
ಜೊತೆಗಾತಿ ಯಾಸ್ನಾ, ಹೊಸಬಳು, ಕೇಳಿದಳು:
"ನಿನಗೆ ಇದೆಲ್ಲ ಗೊತ್ತಿರಬೇಕಲ್ಲ?"
ಗೊತ್ತಿತ್ತು. ಎಲ್ಲೆಲ್ಲಿ ಕೆಡುತ್ತದೆ ಅನ್ನುವುದು.

ಅರ್ಧ ಗ್ರಾಂ ತಂತಿ. ಆಮ್ಲಕ್ಕೆ ಬಿದ್ದದ್ದೇ
ಕಂದು ಹೊಗೆ ಎದ್ದು ಗಾಜಿನ ಗೂಡಿನೊಳಗೇ ಸುತ್ತಿ
ತಳದಲ್ಲಿ ನೀಲಿ ನಿಂತಿತು.
ಕ್ಷಾರ ಹನಿಸಿದರೆ ನೀಲಿ ಗಂಜಿ.
ಕಾಯಿಸಿದರೆ ಕಪ್ಪು.
ಇಲ್ಲಿ, ಇಲ್ಲಿಯೇ, ನಾನು ಕಡ್ಡಿ ಬಿಡಲಿಲ್ಲ.
ಮೂಗು ತುರಿಸಿತು, ಬಿಡಲಿಲ್ಲ;
ಯಾಸ್ನಾ ಏನೋ ಹೇಳಿ ನಗಿಸಿದಳು, ನಕ್ಕೆ, ಬಿಡಲಿಲ್ಲ;
ಅಜ್ಜಿ ಹಾಲು ಸಕ್ಕರೆ ಬತ್ತಿಸಿ ಮನ್ಹಾರ್ ಮಾಡುವಾಗ
ತಳ ಹಿಡಿಯದಂತೆ ತಿರುವುತ್ತಾಳಲ್ಲ, ಹಾಗೆ.

ಮತ್ತೆ ಆಮ್ಲ, ಮತ್ತೆ ನೀಲಿ.
ಸತು ಹಾಕಿದ್ದೇ ತಡ ಗುಳ್ಳೆಯೋ ಗುಳ್ಳೆ,
ನೀಲಿ ತೊಳೆದುಹೋಗಿ
ತಳದಲ್ಲಿ ತಾಮ್ರ, ಇಟ್ಟಿಗೆ ಹುಡಿಯ ಬಣ್ಣಕ್ಕೆ,
ಊರೆಲ್ಲ ಸುತ್ತಿ ಬಂದವರ ಹಾಗೆ ಸುಸ್ತಾಗಿ.

ತೂಗಿದೆ. ಸೊನ್ನೆ ಬಿಂದು ಐದು ಆರು.
ಶೇಕಡಾ ನೂರಾ ಹನ್ನೆರಡು!
ಯಾಸ್ನಾ ಚಪ್ಪಾಳೆ ತಟ್ಟಿದಳು.
ಪ್ರೊಫೆಸರ್ ಇತುರ್ರಾ ಚಾಳೀಸು ಹಣೆಗೇರಿಸಿ
"ನಾನು ಕೊಟ್ಟದ್ದು ಅರ್ಧ ಗ್ರಾಂ.
ಮಿಕ್ಕಿದ್ದನ್ನು ಯಾವ ಗಣಿಯಲ್ಲಿ ಅಗೆದೆ?" ಎಂದರು.
ಉತ್ತರಕ್ಕೂ ನಿಲ್ಲದೆ ಪಕ್ಕದ ಮೇಜಿಗೆ ನಡೆದರು.

ಅಪ್ಪ ಬಂದರಿನಲ್ಲಿ ಲಾರಿ ತೂಗುವವನು.
ಇಪ್ಪತ್ತಾರು ವರ್ಷ ಕಟ್ಟೆಯ ಮೇಲಿನ ಗೂಡಲ್ಲಿ ಕೂತು
ತುಂಬಿ ಬಂದದ್ದಕ್ಕೊಂದು ತೂಕ, ಬರಿದಾಗಿ ಹೋದದ್ದಕ್ಕೊಂದು.
ರಾತ್ರಿ ಬೀನ್ಸ್ ಸಾರಿಗೆ ಬ್ರೆಡ್ಡು ಅದ್ದುತ್ತಾ
ನನ್ನ ನೂರಾ ಹನ್ನೆರಡನ್ನು ಕೇಳಿಸಿಕೊಂಡ. ನಗಲಿಲ್ಲ.
"ತೇವ ಕಳೆದೆಯಾ?"
ನಾನು ಸುಮ್ಮನಿದ್ದೆ.
"ಅದಿರಿನ ಪುಡಿ ಒದ್ದೆಯೇ ಬರುವುದು.
ಒದ್ದೆಗೆ ಯಾವ ದೇಶದವನೂ ಕಾಸು ಬಿಚ್ಚುವುದಿಲ್ಲ.
ಒಂದು ಚಮಚ ತೆಗೆದು ಒಣಗಿಸಿ ತೂಗುತ್ತಾರೆ, ಮತ್ತೆ ಒಣಗಿಸಿ ತೂಗುತ್ತಾರೆ.
ತೂಕ ಇಳಿಯುವುದು ನಿಂತಮೇಲೆ ಬರೆಯುತ್ತಾರೆ."

ಕೈಪಿಡಿಯ ನಲವತ್ತಮೂರನೇ ಪುಟದಲ್ಲಿ ಇದೇ ಮಾತಿತ್ತು.
ಹೋದ ವರ್ಷವೇ ಹಳದಿ ಗೆರೆ ಬೇರೆ ಎಳೆದಿದ್ದೆ.
ಮಳೆಯೇ ಬೀಳದ ನೆಲದಲ್ಲಿ ಹುಟ್ಟಿ ಬೆಳೆದವಳು
ನೀರು ತೂಗಿ ತಾಮ್ರ ಅಂದಿದ್ದೆ.

ಗುರುವಾರ ಬೆಳಿಗ್ಗೆ ಕಡಲಿಂದ ಕಮಂಚಾಕ ಎದ್ದು
ಮಂಜಿನಲ್ಲಿ ಬೀದಿದೀಪಗಳು ಬೆವರುತ್ತಿದ್ದವು.
ದೋನ್ ಎಲೆಯುತೇರಿಯೊ ಗೊಣಗುತ್ತಾ ಬಾಗಿಲು ತೆಗೆದ.
ಹಬೆಯ ಮೇಲೆ ಬಟ್ಟಲು. ಆರಿಸು, ತೂಗು.
ಐವತ್ತಮೂರು.
ಆರಿಸು, ತೂಗು. ಐವತ್ತು.
"ನಿಲ್ಲಿಸು," ಯಾಸ್ನಾ ನನ್ನ ಮುಂಗೈ ಹಿಡಿದಳು,
"ನೂರಕ್ಕೆ ನೂರು, ಇಲ್ಲೇ ನಿಲ್ಲಿಸು ಮಾರಾಯ್ತಿ!"
ಆಸೆ ನನಗೂ ಇತ್ತು. ಪೆನ್ನಿನ ಮುಚ್ಚಳ ತೆಗೆದೂ ಇದ್ದೆ.
ಮತ್ತೆ ಹಬೆಗಿಟ್ಟೆ.
ನಲವತ್ತೆಂಟು.
ಮತ್ತೂ ಒಮ್ಮೆ. ನಲವತ್ತೆಂಟು.
ಐವತ್ತಮೂರು, ಐವತ್ತು, ಯಾವುದನ್ನೂ ಒರೆಸದೆ
ಒಂದರ ಕೆಳಗೊಂದು ಬರೆದೆ. ಶೇಕಡಾ ತೊಂಬತ್ತಾರು.

ಏಳರಲ್ಲಿ ಐದೂವರೆ ಬಂತು.
ವರದಿಯ ಅಂಚಿನಲ್ಲಿ ಇತುರ್ರಾರ ಕೆಂಪು ಶಾಯಿ:
"ಉಳಿದ ನಾಲ್ಕು ಎಲ್ಲಿ?"
ಅಪ್ಪನೂ ಅದನ್ನೇ ಕೇಳಿದ.
ಸೋಸುವ ಕಾಗದದ ಮಡಿಕೆಯಲ್ಲಿ, ಕಡ್ಡಿಯ ತುದಿಯಲ್ಲಿ
ಅಂತೆಲ್ಲ ಹೇಳಹೊರಟವಳು
ಉಗುರಿನ ಸಂದಿಯ ಕೆಂಪು ತೋರಿಸಿದೆ.
ಲಾರಿಯ ಚೀಟಿ ನೋಡುವಂತೆ ನೋಡಿ
ಸರಿ, ಅಂದ.

ಮುಂದಿನ ವಾರ ವಿನೆಗರ್.
ಹನ್ನೊಂದನೇ ಮೇಜಿನ ಬ್ಯುರೆಟ್ಟಿನ ತಿರುಪು ಸಡಿಲ;
ಯಾಸ್ನಾಗೆ ಈಗಲೇ ಹೇಳಿಡಬೇಕು.